ಕರ್ತೃವೂ ಕಾರಣಗಳೂ

ಗರ್ಭಿಣಿಯೊಬ್ಬಳು ಸಿಗರೇಟು ಸೇದುವುದನ್ನು ಕಂಡಾಗ ನಮ್ಮ ಮನಸ್ಸು ವಿಚಾರಣೆಗೆ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತದೆ. ನಿಕೋಟಿನ್ ಜರಾಯುವನ್ನು ದಾಟಿ ಶಿಶುವನ್ನು ಸೇರುವುದೆಂಬುದೂ, ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ಅದಕ್ಕೆ ಸಲ್ಲತಕ್ಕ ಆಮ್ಲಜನಕವನ್ನು ಅಪಹರಿಸುವುದೆಂಬುದೂ, ಕೂಸು ದಿನ ತುಂಬದೆಯೋ ತೂಕ ಸಾಲದೆಯೋ ಹುಟ್ಟುವ ಸಂಭವ ಹೆಚ್ಚುವುದೆಂಬುದೂ ನಿರ್ವಿವಾದ. ಆದರೆ ಆಸ್ಟ್ರೇಲಿಯದ ಮೂಲನಿವಾಸಿ ಗರ್ಭಿಣಿಯರಲ್ಲಿ 2020ರ ಸುಮಾರಿಗೆ 100ಕ್ಕೆ 40ಕ್ಕೂ ಮಿಕ್ಕು ಮಂದಿ ಧೂಮಪಾನ ಮಾಡುತ್ತಿದ್ದರೆಂದು ತಿಳಿದಾಗ, ಈ ದೋಷವನ್ನು ಒಬ್ಬೊಬ್ಬ ತಾಯಿಯ ಹೆಸರಿನಲ್ಲಿಯೇ ಬರೆದಿಡುವುದು ನ್ಯಾಯವೇ ಎಂಬ ಜಿಜ್ಞಾಸೆ ಹುಟ್ಟುತ್ತದೆ.

ಗೀತೆಯ 18ನೆಯ ಅಧ್ಯಾಯವು ಕರ್ಮಕ್ಕೆ ಐದು ಕಾರಣಗಳನ್ನು ಹೇಳಿ, ಕರ್ತೃವನ್ನು ಅವುಗಳಲ್ಲಿ ಒಂದಾಗಿ ಮಾತ್ರ ಎಣಿಸುತ್ತದೆ. ಮಿಕ್ಕ ಕಾರಣಗಳು ಆ ದೇಶದ ಚರಿತ್ರೆಯಲ್ಲಿ ಸ್ಫುಟವಾಗಿಯೇ ಇವೆ. ಮಧ್ಯ ಆಸ್ಟ್ರೇಲಿಯದ ಜನ ಪಿಟುರಿಯೆಂಬ ನಿಕೋಟಿನ್‌ಯುಕ್ತ ಎಲೆಯನ್ನು ಪೂರ್ವದಿಂದಲೂ ಅಗಿಯುತ್ತಿದ್ದುದು ನಿಜವಾದರೂ, ಬಿಳಿಯರ ಪಶುಪಾಲನೆಯ ಠಾಣ್ಯಗಳಲ್ಲಿಯೂ ಮಿಷನ್ನುಗಳಲ್ಲಿಯೂ ಹಿಟ್ಟು, ಸಕ್ಕರೆ, ಚಹಗಳೊಡನೆ ಹೊಗೆಸೊಪ್ಪನ್ನು ಪಡಿಯಾಗಿ ಅಳೆದುಕೊಡುತ್ತಿದ್ದರು. ದುಡಿದವನಿಗೆ ಅನೇಕ ವೇಳೆ ಕೂಲಿಯೂ ಅದೇ. ಪಾಪದ ವಿಷಯವಾಗಿ ಬೋಧಿಸಿದವರೇ ಹೊಗೆಸೊಪ್ಪನ್ನೂ ಹಂಚಿದರೆಂಬುದನ್ನು ಧರ್ಮಶಾಸ್ತ್ರಜ್ಞರು ಹೇಗೆ ಅರ್ಥೈಸುವರೋ ನಾನರಿಯೆ.

ಹಾಗೆಂದು ಸೇದುವ ಆ ತಾಯಿಯನ್ನು ಚರಿತ್ರೆಯ ಕೈಗೊಂಬೆಯೆನ್ನುವುದು ಕರುಣೆಯ ವೇಷದ ಇನ್ನೊಂದು ಅವಮಾನ. ಬಸಿರು ನಿಂತಿತೆಂದು ತಿಳಿದೊಡನೆ ಬಿಡಲು ಹೆಣಗಿದವರೂ, ಬಿಡಲಾರದೆ ಕಡಮೆ ಮಾಡಿದವರೂ ಅವರಲ್ಲಿ ಅನೇಕರುಂಟು. ಗಂಡನೂ ಅಕ್ಕತಂಗಿಯರೂ ಸೇದುವ ಮನೆಯಲ್ಲಿ, ಇದ್ದುದನ್ನು ಹಂಚಿಕೊಳ್ಳುವುದೇ ಬಂಧುತ್ವದ ಲಕ್ಷಣವಾಗಿರುವಾಗ, ನೀಡಿದ ಸಿಗರೇಟನ್ನು ಒಲ್ಲೆನೆಂಬುದು ನೀಡಿದವರನ್ನೇ ಒಲ್ಲೆನೆಂದಂತೆ. ಹುಟ್ಟಲಿರುವವನಿಗೆ ಸಲ್ಲುವ ಧರ್ಮವೂ ಒಡನಿರುವವರಿಗೆ ಸಲ್ಲುವ ಧರ್ಮವೂ ಅಲ್ಲಿ ಒಂದನ್ನೊಂದು ತಡೆಯುತ್ತವೆ.

ಇದಕ್ಕಿಂತ ಕಠಿನವಾದುದು ಭಯ. 20ನೆಯ ಶತಮಾನದ ಬಹುಭಾಗದಲ್ಲಿ ಸರ್ಕಾರದವರೇ ಈ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಅಗಲಿಸಿ ಒಯ್ದರು. ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಅದಕ್ಕಾಗಿ ಕ್ಷಮೆ ಬೇಡಿದ್ದು 2008ರಲ್ಲಿ. ಅಂಥ ನೆನಪುಳ್ಳ ಮನೆಯ ಹೆಣ್ಣು, ಅಪರಿಚಿತ ದಾದಿಯೊಬ್ಬಳು ಲೇಖಣಿ ಹಿಡಿದು ಕೇಳಿದಾಗ, ಸೇದುವುದಿಲ್ಲವೆಂದು ನುಡಿದರೆ ಅದು ಅನೃತವೋ, ಮಾತೃಧರ್ಮವೋ? ಎರಡನೆಯದೆಂದೇ ನನ್ನ ಮತ. ಸಮುದಾಯದವರೇ ನಡೆಸುವ ಆರೋಗ್ಯ ಕೇಂದ್ರಗಳಲ್ಲಿ ಆಕೆಯ ಜನದವಳೇ ಆದ ಕಾರ್ಯಕರ್ತೆ ಕೇಳಿದಾಗ ನಿಜವನ್ನು ಹೇಳುವುದು ಸುಲಭ; ನಿಜ ಹೊರಬಿದ್ದ ಮೇಲಲ್ಲವೇ ನಿಕೋಟಿನ್ ಪಟ್ಟಿಯನ್ನು ವೈದ್ಯರು ಆಲೋಚಿಸಿ ಕೊಡುವುದೂ, ಗಂಡನನ್ನು ಕರೆಸಿ ನೀನೂ ಬಿಡಬಾರದೇಕೆಂದು ಕೇಳುವುದೂ ಸಾಧ್ಯವಾಗುವುದು?