ಶರಣರ ನಾಡು ಯಾವುದು?

ಭಾರತವು ಒಂದು ರಾಷ್ಟ್ರವೆಂಬ ಮಾತು ಎಲ್ಲರ ನಾಲಗೆಯ ಮೇಲಿದೆ. ಆದರೆ ನುಡಿ, ನಡೆ, ಉಡುಗೆಗಳು ಬೇರೆಬೇರೆಯಾಗಿರುವಲ್ಲಿ ಆ ಒಂದುತನವು ನೆಲೆಗೊಳ್ಳುವುದು ಹೇಗೆ? ಇದರ ಉತ್ತರವನ್ನು ವಚನಸಾಹಿತ್ಯದಲ್ಲಿ ಅರಸಬೇಕು.

12ನೆಯ ಶತಮಾನದಲ್ಲಿ ಕಾಶ್ಮೀರದ ಅರಸನೊಬ್ಬನು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಜಂಗಮದಾಸೋಹ ನಡೆಸಿದನೆಂದು ಪರಂಪರೆಯು ಹೇಳುತ್ತದೆ. ಅವನೇ ಮೋಳಿಗೆಯ ಮಾರಯ್ಯ. ಮಡದಿ ಮಹಾದೇವಿಯೂ ವಚನಕಾರ್ತಿ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯನು ಪುಲಿಗೆರೆಯಲ್ಲಿ ನೆಲೆಸಿ ಕನ್ನಡದಲ್ಲಿಯೇ ವಚನಗಳನ್ನು ನುಡಿದನು. ಆದರೂ ತವರಿನ ದೈವವಾದ ಸೌರಾಷ್ಟ್ರ ಸೋಮೇಶ್ವರನೇ ಅವನ ಅಂಕಿತವಾದನು. ಕನ್ನಡವು ಆ ಹೆಸರನ್ನು ಅಳಿಸೆನ್ನಲಿಲ್ಲ. ಅವನೂ ಕನ್ನಡವನ್ನು ಪರರದೆನ್ನಲಿಲ್ಲ. ಐಕ್ಯವೆಂದರೆ ಇದೇ.

ಈ ನೀತಿಯು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಗೃಹಸ್ಥರಿಗೆ ದೂರದ್ದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು, 1739ರಲ್ಲಿ ಜನಿಸಿದರೆಂದು ನಂಬಲಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಬಂಜಾರ ಜನರು ತಮ್ಮ ಗೋರ್ ಬೋಲಿಯಲ್ಲಿ ಅವರ ಮಹಿಮೆಯನ್ನು ಹಾಡುತ್ತಾರೆ. ತನ್ನದೇ ಲಿಪಿಯಿಲ್ಲದ ಆ ನುಡಿಯ ಹಾಡೂ ಈ ದೇಶದ ಸಾಹಿತ್ಯವೇ.

ಹೀಗಿರಲು, ಮನೆಯಲ್ಲಿ ಆದಯ್ಯನ ವಚನವನ್ನು ಪಠಿಸಿ, ಬೀದಿಯಲ್ಲಿ ತಾಂಡಾದವರ ಮಾತಿಗೆ ನಗುವುದು ಯಾವ ಶರಣಧರ್ಮ? ಹೊಲದ ದುಡಿಮೆಗೆ ಬೇಕಾದವನು ಪಡಸಾಲೆಗೆ ಬೇಡವಾದರೆ, ಆ ಮನೆಯು ಮಹಾಮನೆಯಾದೀತೆ? ಕಟ್ಟಿಗೆ ಹೊತ್ತು ಬಂದ ಮಾರಯ್ಯನು ಇಂದು ಬಾಗಿಲಿಗೆ ಬಂದರೆ, ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಕಳುಹುವವರೇ ಹೆಚ್ಚಾದಾರು. ವಚನವು ಕಂಠದಲ್ಲಿದ್ದರೆ ಸಾಲದು. ಅದು ಕದ ತೆರೆಯುವ ಕೈಗೆ ಇಳಿಯಬೇಕು.