ಅರಿವು ಮತ್ತು ಮರವೆ

ಶರಣರ ವಚನಗಳಲ್ಲಿ ಮೇಲಿಂದ ಮೇಲೆ ಬರುವ ನುಡಿಗಳಲ್ಲಿ ‘ಅರಿವು’ ಎಂಬುದೂ ಒಂದು. ‘ಜ್ಞಾನ’ವೆಂಬ ಸಂಸ್ಕೃತ ಶಬ್ದವನ್ನು ಅವರು ಬಲ್ಲರು, ಬಳಸಿಯೂ ಇದ್ದಾರೆ. ಆದರೂ ಈ ಅಚ್ಚಗನ್ನಡ ಪದದಲ್ಲಿ ಅವರಿಗೆ ವಿಶೇಷ ಮಮತೆ. ಹಳಗನ್ನಡದಲ್ಲಿ ಇದು ಶಕಟರೇಫವುಳ್ಳ ‘ಅಱಿವು’. ತಿಳಿ ಎಂಬರ್ಥದ ‘ಅಱಿ’ ಧಾತುವಿನಿಂದ ಹುಟ್ಟಿದುದು.

ಜ್ಞಾನಕ್ಕೆ ಎದುರಾದುದು ಅಜ್ಞಾನ. ಅರಿವಿಗಾದರೋ ಎದುರಾದುದು ‘ಮರವೆ’. ಈ ಭೇದವನ್ನು ಗಮನಿಸಬೇಕು. ಮನುಷ್ಯನು ತಿಳಿದುದನ್ನು ಮರೆಯುವನಲ್ಲದೆ ತಿಳಿಯದುದನ್ನು ಮರೆಯಲಾರನು. ಆದುದರಿಂದ ಅರಿವೆಂಬುದು ಹೊರಗಿನಿಂದ ತಂದು ತುಂಬುವ ಸರಕಲ್ಲ, ತನ್ನಲ್ಲಿರುವುದರ ಎಚ್ಚರ.

ಹಾಗಾದರೆ ಪಠನ ಶ್ರವಣಗಳು ವ್ಯರ್ಥವೇ? ವ್ಯರ್ಥವಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗೃಹಸ್ಥರು ಇದನ್ನು ತಮ್ಮ ಅಟ್ಟದಲ್ಲಿಯೇ ಕಾಣಬಹುದು. ಬಲಿತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರಿಸಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕೊಬ್ಬರಿಯನ್ನು ಯಾರೂ ಒಳಗೆ ಇಟ್ಟವರಲ್ಲ. ಅಟ್ಟ, ಗಾಳಿ, ಕಾಲಗಳಿಲ್ಲದೆ ಅದು ಆಗುವಂತೆಯೂ ಇಲ್ಲ. ಪಠನ ಶ್ರವಣಗಳೂ ಹೀಗೆಯೇ. ಅವು ಅರಿವನ್ನು ಕೊಡುವುದಿಲ್ಲ, ಅದು ಪಕ್ವವಾಗಲು ಎಡೆಯನ್ನು ಕೊಡುತ್ತವೆ.

ಈ ಸೀಮೆಗೆ ಸಮೀಪದ ಕಗ್ಗೆರೆಯ ತೋಟದಲ್ಲಿ ತಪಸ್ಸನ್ನಾಚರಿಸಿ, ಎಡೆಯೂರಿನಲ್ಲಿ ನೆಲಸಿದ ತೋಂಟದ ಸಿದ್ಧಲಿಂಗ ಯತಿಗಳ ವಚನಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ವೆಂಬ ಹೆಸರಿನಿಂದ ಪ್ರಸಿದ್ಧವಾಗಿವೆ. ಇಲ್ಲಿ ಜ್ಞಾನವು ಷಟ್‌ಸ್ಥಲದೊಡನೆ ಕೂಡಿಯೇ ಬಂದಿರುವುದು ಅರ್ಥಪೂರ್ಣವಾಗಿದೆ. ಭಕ್ತಸ್ಥಲದ ನಡೆಯಿಂದ ಆರಂಭವಾಗದ ಅರಿವು ಐಕ್ಯವನ್ನು ಮುಟ್ಟದು.

ಅರಿವಿನ ಪರೀಕ್ಷೆ ಪೂಜೆಯ ಮಣೆಯ ಮೇಲೆ ಮುಗಿಯುವುದಿಲ್ಲ. ನ್ಯಾಯದ ತೂಕವಾವುದೆಂಬುದು ವರ್ತಕನಿಗೆ ತಿಳಿಯದುದಲ್ಲ. ತಕ್ಕಡಿಯನ್ನು ಹಿಡಿದ ಗಳಿಗೆಯಲ್ಲಿ ಮರೆಯುತ್ತಾನೆ. ಮುಂಜಾನೆ ಸಮತೆಯ ವಚನಗಳನ್ನು ಬಾಯಿಪಾಠವಾಗಿ ಒಪ್ಪಿಸುವ ಮನೆಯಲ್ಲಿಯೇ, ಹಗಲೆಲ್ಲ ಕಾಯಿ ಸುಲಿದು ಬಾಯಾರಿದವನಿಗೆ ಕುಲವನ್ನೆಣಿಸಿ, ಅಂಗಳದಾಚೆ ನಿಲ್ಲಿಸಿ ನೀರೆರೆಯುವುದುಂಟು. ಆ ಮನೆಯವರನ್ನು ಅಜ್ಞಾನಿಗಳೆನ್ನಲಾಗದು; ವಚನವೆಲ್ಲ ಅವರಿಗೆ ಕಂಠಸ್ಥವಾಗಿದೆ. ಅವರಿಗಿರುವುದು ಮರವೆ. ಅಜ್ಞಾನಕ್ಕೆ ಕಲಿಸುವವರು ಸಿಕ್ಕಾರು. ಬಲ್ಲವನ ಮರವೆಯನ್ನು ಅವನೇ ಕಳೆದುಕೊಳ್ಳಬೇಕು.

ಆದಕಾರಣ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ನೋಡುವ ಗೃಹಸ್ಥನು, ಅದೇ ಕೈ ಹಗಲಿನಲ್ಲಿ ಏನನ್ನು ತೂಗಿತು, ಯಾರಿಗೆ ಏನನ್ನು ನೀಡಿತು ಎಂಬುದನ್ನು ಪ್ರತಿದಿನವೂ ನೆನೆಯುವುದು ಯೋಗ್ಯ.