‘ಆಯಿತು’ ಎನ್ನುವ ಮೊದಲು

ಕನ್ನಡದಲ್ಲಿ ‘ಆಯಿತು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೆಲಸ ಮುಗಿದಿದೆ ಎಂಬುದು ಒಂದು. ನೀವು ಹೇಳಿದ್ದು ಕಿವಿಗೆ ಬಿತ್ತು, ಮಾಡುತ್ತೇನೆ ಎಂಬುದು ಇನ್ನೊಂದು. ‘ನಾಳೆ ಆ ಕಾಗದ ಅಂಚೆಗೆ ಹಾಕಿಬಿಡಪ್ಪ’ ಎಂದರೆ ಹುಡುಗ ‘ಆಯಿತು’ ಎನ್ನುತ್ತಾನೆ. ಕಾಗದವನ್ನು ಇನ್ನೂ ಬರೆದೇ ಇರುವುದಿಲ್ಲ. ಊಟಕ್ಕೆ ಕರೆದರೆ ‘ಬಂದೆ, ಬಂದೆ’ ಎನ್ನುತ್ತೇವೆ. ಕುರ್ಚಿಯಿಂದ ಎದ್ದಿರುವುದೂ ಇಲ್ಲ. ವ್ಯಾಕರಣದ ಪ್ರಕಾರ ಇವೆಲ್ಲ ಭೂತಕಾಲ, ವಾಸ್ತವದಲ್ಲಿ ಭವಿಷ್ಯತ್ಕಾಲ. ಆದರೂ ಇದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಹೇಳಿದವನ ದನಿ, ಮುಖ, ಹಿಂದಿನ ನಡತೆ ಎಲ್ಲವೂ ಕೇಳಿದವನಿಗೆ ಗೊತ್ತು. ಯಾವ ‘ಆಯಿತು’ ಎಷ್ಟು ಬಾಳುತ್ತದೆ ಎಂಬ ಲೆಕ್ಕ ಮನೆಮನೆಯಲ್ಲಿಯೂ ಇದೆ.

ಇದೇ ಮಾತನ್ನು ಯಂತ್ರದ ಬಾಯಿಗೆ ಕೊಟ್ಟಾಗ ಮಾತ್ರ ತೊಡಕು ಹುಟ್ಟುತ್ತದೆ. ಅದರ ದನಿಯಿಂದ, ಮುಖದಿಂದ ಏನನ್ನೂ ಊಹಿಸುವಂತಿಲ್ಲ. ತೆರೆಯ ಮೇಲೆ ಹಸಿರು ಗುರುತು ಮೂಡಿ ‘ಆಯಿತು’ ಎಂದರೆ ನಾವು ನಂಬುತ್ತೇವೆ. ಆ ಗುರುತಿನ ಹಿಂದೆ ಮುಗಿದ ಕೆಲಸವಿದೆಯೋ, ಬರಿಯ ಕೋರಿಕೆಯಿದೆಯೋ ನಮಗೆ ತಿಳಿಯದು. ಅದನ್ನು ಮೊದಲೇ ತೀರ್ಮಾನ ಮಾಡಿಟ್ಟವನು, ಎಲ್ಲೋ ಕುಳಿತು ಆ ಆಪ್ ಬರೆದ ಪ್ರೋಗ್ರಾಮರ್. ಅವನ ಆ ತೀರ್ಮಾನ ತಾಂತ್ರಿಕವಾದದ್ದೆಂದೇ ಎಲ್ಲರೂ ತಿಳಿದಿದ್ದಾರೆ. ಅದು ನೀತಿಯ ಪ್ರಶ್ನೆಯೂ ಹೌದೆಂದು ನನಗೆ ತೋರುತ್ತದೆ.

ಪ್ರಶ್ನೆಯನ್ನು ಸರಿಯಾಗಿ ಇಡಬೇಕಾದರೆ ಆ ಕಸುಬಿನ ಒಂದೆರಡು ಸಂಗತಿಗಳನ್ನು ತಿಳಿಯಬೇಕು. ಒಂದು ಆಪ್ ತನ್ನೊಳಗೆ ನೆನಪಿಟ್ಟುಕೊಂಡಿರುವುದೆಲ್ಲ ಅದರ ‘ಸ್ಥಿತಿ’: ಯಾರು ಒಳಗೆ ಬಂದಿದ್ದಾರೆ, ಬುಟ್ಟಿಯಲ್ಲಿ ಏನೇನಿದೆ, ಹಣ ಸಂದಿದೆಯೇ ಇಲ್ಲವೇ. ಹಿಂದೆ ಪ್ರೋಗ್ರಾಮರ್ ಸ್ಥಿತಿಯನ್ನು ಬದಲಿಸಿ, ತೆರೆಯನ್ನೂ ಬೇರೆಯಾಗಿ ಬದಲಿಸುತ್ತಿದ್ದ. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಒಳಗೊಂದು, ಹೊರಗೊಂದು. ಈಗಿನ ‘ರಿಯಾಕ್ಟಿವ್’ ಪದ್ಧತಿಯಲ್ಲಿ ಅವನು ಸ್ಥಿತಿಯನ್ನಷ್ಟೇ ಬದಲಿಸುತ್ತಾನೆ. ತೆರೆ ತಾನಾಗಿ ಅದನ್ನು ಹಿಂಬಾಲಿಸುತ್ತದೆ. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯಲ್ಲಿ ಒಂದು ಮನೆಯ ಅಂಕಿಯನ್ನು ತಿದ್ದಿದರೆ ಕೆಳಗಿನ ಮೊತ್ತ ತಾನೇ ಬದಲಾಗುತ್ತಿತ್ತು. ತತ್ತ್ವ ಅದೇ. ಫೇಸ್‌ಬುಕ್ ಸಂಸ್ಥೆ 2013ರಲ್ಲಿ ರಿಯಾಕ್ಟ್ ಎಂಬ ಸಾಧನವನ್ನು ಎಲ್ಲರ ಬಳಕೆಗೆ ಬಿಟ್ಟ ಮೇಲೆ ಈ ಕ್ರಮ ಬಹಳ ಹರಡಿತು.

2015ರಲ್ಲಿ ಡ್ಯಾನ್ ಅಬ್ರಮೊವ್ ಮತ್ತು ಆಂಡ್ರ್ಯೂ ಕ್ಲಾರ್ಕ್ ಎಂಬವರು ರಚಿಸಿದ ರಿಡಕ್ಸ್ ಇದಕ್ಕೆ ಒಂದು ಶಿಸ್ತನ್ನು ಸೇರಿಸಿತು. ಆ ಶಿಸ್ತು ನಮ್ಮ ಹಳೆಯ ಮಂಡಿಯ ಗುಮಾಸ್ತನಿಗೆ ಹೊಸದಾಗಿ ಕಾಣುತ್ತಿರಲಿಲ್ಲ. ಗುಮಾಸ್ತ ಖಾತೆ ಪುಸ್ತಕದ ಬಾಕಿಯನ್ನು ಅಳಿಸಿ ತಿದ್ದುವಂತಿಲ್ಲ. ಏನು ನಡೆಯಿತೆಂಬುದನ್ನು ಮೊದಲು ಕಿರ್ದಿಯಲ್ಲಿ ಬರೆಯಬೇಕು. ಅದರಿಂದಲೇ ಖಾತೆಯ ಬಾಕಿ ಹೊರಡಬೇಕು. ರಿಡಕ್ಸ್‌ನಲ್ಲಿಯೂ ಸ್ಥಿತಿಯನ್ನು ಯಾರೂ ನೇರವಾಗಿ ಮುಟ್ಟುವಂತಿಲ್ಲ. ನಡೆದ ಸಂಗತಿಯನ್ನು ತಿಳಿಸಬೇಕು. ಗೊತ್ತಾದ ನಿಯಮದಂತೆ ಹಳೆಯ ಸ್ಥಿತಿಯಿಂದ ಹೊಸ ಸ್ಥಿತಿ ಲೆಕ್ಕವಾಗಿ ಬರುತ್ತದೆ. ಸತ್ಯಕ್ಕೆ ಒಂದೇ ಪುಸ್ತಕ, ಒಂದೇ ನೆಲೆ.

ಇಷ್ಟೇ ಆಗಿದ್ದರೆ ಎಲ್ಲವೂ ಸುಲಭ. ಆದರೆ ಹೆಚ್ಚಿನ ಕೆಲಸಗಳು ಆಪ್ ಇರುವ ಫೋನಿನಲ್ಲಿ ಮುಗಿಯುವುದಿಲ್ಲ. ದೂರದ ಸರ್ವರಿಗೆ ಕೋರಿಕೆ ಹೋಗಬೇಕು, ಉತ್ತರ ಬರಬೇಕು. ಅದು ಕ್ಷಣದಲ್ಲಿ ಬಂದೀತು, ಅರ್ಧ ನಿಮಿಷಕ್ಕೆ ಬಂದೀತು, ಬಾರದೆಯೂ ಇದ್ದೀತು. ಅಷ್ಟರವರೆಗೆ ಕಿರ್ದಿಯಲ್ಲಿ ಏನೆಂದು ಬರೆಯಬೇಕು? ಇದೇ ನಮ್ಮ ಪ್ರಶ್ನೆ.

ಹೀಗೆ ಮುಂದೆ ಬರಲಿರುವ ಉತ್ತರಕ್ಕೆ ಆ ಕಸುಬಿನವರು ‘ಪ್ರಾಮಿಸ್’, ಅಂದರೆ ‘ವಚನ’ ಎಂದೇ ಹೆಸರಿಟ್ಟಿದ್ದಾರೆ. 1976ರಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ ಎಂಬ ವಿದ್ವಾಂಸರು ಬಳಸಿದ ಪದ ಅದು. 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಅಧಿಕೃತ ನಿಯಮಗಳಲ್ಲಿಯೂ ಸೇರಿತು. ಈ ವಚನಕ್ಕೆ ಮೂರೇ ಅವಸ್ಥೆಗಳು: ಬಾಕಿಯಿದೆ, ನೆರವೇರಿತು, ಮುರಿಯಿತು. ನೆರವೇರಿದ್ದು ಮತ್ತೆ ಮುರಿಯದು. ಮುರಿದದ್ದು ಮತ್ತೆ ನೆರವೇರದು. ಪುಣ್ಯಕೋಟಿ ಕರುವಿಗೆ ಹಾಲುಣಿಸಿ ಬರುತ್ತೇನೆಂದು ಹೊರಟ ಮೇಲೆ ಹುಲಿಯ ಪಾಲಿಗೆ ಉಳಿದದ್ದು ಮೊದಲನೆಯ ಅವಸ್ಥೆ. ಹಸುವಿನ ಸತ್ಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಬಾಕಿ ಇರುವುದನ್ನು ಬಾಕಿ ಎಂದೇ ಇಟ್ಟುಕೊಂಡು ಕಾದ ಹುಲಿಯ ಕಷ್ಟವನ್ನು ಅಷ್ಟಾಗಿ ನೆನೆಯುವುದಿಲ್ಲ.

ಕಾಯುವುದು ಯಾರಿಗೂ ಹಿತವಲ್ಲ. ಆದ್ದರಿಂದ ಪ್ರೋಗ್ರಾಮರುಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಉತ್ತರ ಬರುವ ಮೊದಲೇ, ಬಂದಿತೆಂದು ಎಣಿಸಿ, ತೆರೆಯ ಮೇಲೆ ‘ಆಯಿತು’ ಎಂದು ತೋರಿಸಿಬಿಡುವುದು. ಮುಂದೆ ಕೆಟ್ಟ ಉತ್ತರ ಬಂದರೆ ಸದ್ದಿಲ್ಲದೆ ಹಿಂದಕ್ಕೆ ತಿದ್ದುವುದು. ಇದನ್ನು ಅವರು ಆಶಾವಾದದ ಕ್ರಮ ಎನ್ನುತ್ತಾರೆ. ನೀವು ಗೆಳೆಯರ ಚಿತ್ರವೊಂದಕ್ಕೆ ಮೆಚ್ಚುಗೆಯ ಗುರುತು ಒತ್ತಿದ ಕೂಡಲೆ ಅದು ಕೆಂಪಾಗುತ್ತದಲ್ಲ, ಸಾಮಾನ್ಯವಾಗಿ ಅದು ಇದೇ ಬಗೆಯದು. ಸರ್ವರ್ ಇನ್ನೂ ಏನನ್ನೂ ಹೇಳಿರುವುದಿಲ್ಲ.

ಇದು ಸುಳ್ಳೇ? ಮೆಚ್ಚುಗೆಯ ಗುರುತಿನ ಮಟ್ಟಿಗೆ ಹಾಗೆನ್ನುವುದು ಅತಿಯಾದೀತು. ಅದು ನಮ್ಮ ‘ಬಂದೆ, ಬಂದೆ’ಗೆ ಸಮ. ಆದರೆ ಈ ಅಭ್ಯಾಸ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇತಿಹಾಸದಲ್ಲಿ ಎರಡು ನಿದರ್ಶನಗಳಿವೆ.

ಮೊದಲನೆಯದು ಆಪ್‌ಗಳ ಕಾಲಕ್ಕೆ ಬಹಳ ಹಿಂದಿನದು. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡಿತು. ಒತ್ತಡ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕಾಗಿತ್ತು, ಮುಚ್ಚದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಮುಚ್ಚಿದೆ ಎಂಬ ಭಾವನೆ ಹುಟ್ಟಿಸಿತು. ಕಾರಣ, ಆ ದೀಪಕ್ಕೂ ಕವಾಟ ಇದ್ದ ಸ್ಥಿತಿಗೂ ಸಂಬಂಧವಿರಲಿಲ್ಲ. ಕವಾಟಕ್ಕೆ ಹೋದ ಅಪ್ಪಣೆಯನ್ನಷ್ಟೇ ಅದು ತೋರಿಸುತ್ತಿತ್ತು. ‘ಮುಚ್ಚು’ ಎಂದು ಹೇಳಿದ್ದಾಗಿದೆ ಎಂಬುದನ್ನು ಜನ ‘ಮುಚ್ಚಿದೆ’ ಎಂದು ಓದಿಕೊಂಡರು. ಎರಡು ಗಂಟೆಗೂ ಹೆಚ್ಚು ಹೊತ್ತು ಸ್ಥಾವರವನ್ನು ತಂಪಾಗಿಡುವ ನೀರು ಹೊರಗೆ ಹರಿಯಿತು. ಒಳಗಿನ ಇಂಧನದ ಒಂದು ಭಾಗ ಕರಗಿತು.

ಎರಡನೆಯದು ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದ ಕಥೆ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಗಳಲ್ಲಿ ಆರು ಮಂದಿ ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು. ಅವರಲ್ಲಿ ಪ್ರಾಣ ತೆತ್ತವರೂ ಇದ್ದರು. ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ 1986ರಲ್ಲಿ ನಡೆದದ್ದು ಹೀಗೆ. ಯಂತ್ರ ನಡೆಸುವಾಕೆ ಕಿರಣದ ಬಗೆಯನ್ನು ಸೂಚಿಸುವ ಒಂದು ಅಕ್ಷರವನ್ನು ತಪ್ಪಾಗಿ ಒತ್ತಿದಳು; ಕೂಡಲೆ ಗಮನಿಸಿ ತಿದ್ದಿದಳು. ಯಂತ್ರದೊಳಗಿನ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಾಗಿತ್ತು. ಆಕೆ ಕೆಲಸದಲ್ಲಿ ಪಳಗಿದವಳಾದ್ದರಿಂದ ಅಷ್ಟರೊಳಗೇ ತಿದ್ದುಪಡಿ ಮುಗಿಸಿದ್ದಳು. ತಿದ್ದಿದ್ದು ತೆರೆಗೆ ತಿಳಿಯಿತು, ಯಂತ್ರಕ್ಕೆ ತಿಳಿಯಲಿಲ್ಲ. ತೆರೆಯ ಮೇಲೆ ಇದ್ದುದು ಸರಿಯಾದ ಅಕ್ಷರ. ರೋಗಿಯ ಮೈಮೇಲೆ ಬಿದ್ದದ್ದು ಮಾರಕ ಕಿರಣ.

ಎರಡೂ ಕಡೆ ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಕೇಳಿಕೊಂಡದ್ದಕ್ಕೂ ಆದದ್ದಕ್ಕೂ ನಡುವೆ ಇರುವ ಅಂತರವನ್ನು ತೋರಿಸುವ ಗೊಡವೆಗೆ ಯಾರೂ ಹೋಗಲಿಲ್ಲ, ಅಷ್ಟೆ. ಇದನ್ನು ಓದುವಾಗ ನಮ್ಮ ಆಡಳಿತದ ಭಾಷೆ ನೆನಪಾಗುವುದು ಸಹಜ. ‘ಈ ಬಗ್ಗೆ ಅಧಿಕಾರಿಗಳಿಗೆ ಸೂಚನೆ ನೀಡಲಾಗಿದೆ’ ಎಂಬ ವಾಕ್ಯವನ್ನು ನಾವು ಎಷ್ಟು ಬಾರಿ ಓದಿಲ್ಲ! ಅದೂ ಆ ದೀಪದಂಥದೇ. ಅಪ್ಪಣೆ ಹೋಗಿದೆ ಎಂಬುದು ನಿಜ. ರಸ್ತೆಯ ಹಳ್ಳ ಮುಚ್ಚಿತೇ ಎಂಬುದು ಬೇರೆಯ ಮಾತು.

ಹಾಗಾದರೆ ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂಬ ನಿಯಮ ಮಾಡೋಣವೆ? ಅದೂ ನಡೆಯದು. ಉತ್ತರವೇ ಬಾರದಿರಬಹುದು. ‘ಇಬ್ಬರು ಸೇನಾಪತಿಗಳು’ ಎಂದು 1978ರಲ್ಲಿ ಜಿಮ್ ಗ್ರೇ ಹೆಸರಿಟ್ಟ ಒಂದು ಸಮಸ್ಯೆಯಿದೆ. ಎರಡು ಗುಡ್ಡಗಳ ಮೇಲೆ ಎರಡು ಪಡೆಗಳು. ನಡುವಿನ ಕಣಿವೆಯಲ್ಲಿ ಶತ್ರು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಮಾತ್ರ ಜಯ. ಒಬ್ಬ ದೂತನ ಕೈಯಲ್ಲಿ ಹೊತ್ತು ತಿಳಿಸಿ ಕಳಿಸುತ್ತಾನೆ. ದೂತ ದಾರಿಯಲ್ಲಿ ಸಿಕ್ಕಿಬಿದ್ದಿರಬಹುದು. ಇನ್ನೊಬ್ಬ ‘ತಿಳಿಯಿತು’ ಎಂದು ಹೇಳಿ ಕಳಿಸಿದರೆ, ಆ ಮಾತು ತಲುಪಿತೇ ಎಂಬ ಸಂಶಯ ಈಗ ಅವನದು. ಹೀಗೆ ಎಷ್ಟು ಸಲ ದೂತರು ಓಡಾಡಿದರೂ ಕೊನೆಯ ಮಾತು ಕಳಿಸಿದವನಿಗೆ ನಿಶ್ಚಯವಿಲ್ಲ. ದಾರಿ ನಂಬಿಕೆಗೆ ಅರ್ಹವಲ್ಲದಿದ್ದರೆ ಪೂರ್ಣ ನಿಶ್ಚಯ ಅಸಾಧ್ಯವೆಂದು ಗಣಿತವೇ ಹೇಳುತ್ತದೆ.

ಆದ್ದರಿಂದ ಕೆಲಸಕ್ಕೆ ಬರುವ ಪ್ರಾಮಾಣಿಕತೆ ಬೇರೆ ರೀತಿಯದಾಗಿರಬೇಕು. ‘ಗೊತ್ತಿಲ್ಲ’ ಎಂಬುದಕ್ಕೂ ಪುಸ್ತಕದಲ್ಲಿ ಒಂದು ಸಾಲು ಕೊಡುವುದು ಅದರ ಮೊದಲ ಲಕ್ಷಣ. ಒಳ್ಳೆಯ ಪ್ರೋಗ್ರಾಮರ್ ‘ಬಾಕಿಯಿದೆ’ ಎಂಬುದನ್ನು ಹೌದು ಅಲ್ಲಗಳ ಜೊತೆಗೆ ಮೂರನೆಯ ಸ್ಥಿತಿಯಾಗಿ ಬರೆದಿಡುತ್ತಾನೆ. ತೆರೆಯ ಮೇಲೂ ಹಾಗೆಂದೇ ಹೇಳುತ್ತಾನೆ. ತಡವಾಗಿ ಬಂದ ಉತ್ತರ ಯಾವ ಪ್ರಶ್ನೆಗೆ ಬಂದದ್ದೆಂದು ಪರೀಕ್ಷಿಸುವುದು ಎರಡನೆಯದು. ನೀವು ಹುಡುಕುವ ಮನೆಯಲ್ಲಿ ‘ಮೈ’ ಎಂದು ಬರೆದು, ಆಮೇಲೆ ‘ಮೈಸೂರು’ ಎಂದು ಮುಗಿಸುತ್ತೀರಿ. ಎರಡು ಪ್ರಶ್ನೆಗಳು ಹೋದವು. ಮೊದಲನೆಯದರ ಉತ್ತರ ದಾರಿಯಲ್ಲಿ ತಡವಾಗಿ ಎರಡನೆಯದರ ಅನಂತರ ಬಂದರೆ, ಎಚ್ಚರವಿಲ್ಲದ ಆಪ್ ಹಳೆಯದನ್ನೇ ಹೊಸದೆಂದು ತೋರಿಸುತ್ತದೆ. ಕೊನೆಗೆ ಬಂದ ಸುದ್ದಿಯೇ ಇತ್ತೀಚಿನ ಸುದ್ದಿ ಎಂಬ ಭ್ರಮೆ ಯಂತ್ರಕ್ಕೆ ಮಾತ್ರ ಇರುವುದಲ್ಲ. ಪ್ರಶ್ನೆಗೊಂದು ಸಂಖ್ಯೆ ಕೊಟ್ಟು, ಹಳೆಯ ಸಂಖ್ಯೆಯ ಉತ್ತರವನ್ನು ಬಿಟ್ಟುಬಿಡುವುದು ಇದಕ್ಕೆ ಮದ್ದು. ಮತ್ತೆ ಮತ್ತೆ ಕೇಳಿದರೂ ಕೆಲಸ ಒಂದೇ ಸಲ ನಡೆಯುವಂತೆ ನೋಡಿಕೊಳ್ಳುವುದು ಮೂರನೆಯದು. ಕಾದು ಬೇಸತ್ತವನು ಗುಂಡಿಯನ್ನು ಇನ್ನೊಮ್ಮೆ ಒತ್ತುತ್ತಾನೆ. ಅವನ ಅಸಹನೆಗೆ ಎರಡು ಸಲ ಹಣ ಕಡಿಯುವ ದಂಡ ವಿಧಿಸುವುದು ನ್ಯಾಯವಲ್ಲ.

ಇನ್ನು ಮುಂಗಡವಾಗಿ ‘ಆಯಿತು’ ಎನ್ನುವುದು ಯಾವಾಗ ಸಲ್ಲುತ್ತದೆ? ಮೂರು ಷರತ್ತುಗಳಿದ್ದರೆ ಸಲ್ಲುತ್ತದೆ ಎಂದು ನನ್ನ ಅಭಿಪ್ರಾಯ. ಮಾತು ಸುಳ್ಳಾದರೆ ಹಿಂದಕ್ಕೆ ಪಡೆಯಲು ಬರುವಂತಿರಬೇಕು. ಹಿಂದಕ್ಕೆ ಪಡೆದಾಗ ಕೇಳಿದವನಿಗೆ ತಿಳಿಸಬೇಕು. ನಷ್ಟವಾದರೆ ಅದನ್ನು ಹೇಳಿದವನು ಹೊರಬೇಕು, ಕೇಳಿದವನಲ್ಲ. ಮೆಚ್ಚುಗೆಯ ಗುರುತು ಈ ಮೂರಕ್ಕೂ ಒಪ್ಪುತ್ತದೆ. ಔಷಧದ ಪ್ರಮಾಣ ಮೊದಲನೆಯದರಲ್ಲಿಯೇ ಬಿದ್ದುಹೋಗುತ್ತದೆ.

ಹಣದ ವಿಷಯ ನಡುವಿನದು. ನಮ್ಮಲ್ಲಿ 2016ರಲ್ಲಿ ಆರಂಭವಾದ ಯುಪಿಐ ಪಾವತಿಯನ್ನು ನೋಡಿ. ಕೊಡುವವನ ಖಾತೆಯಿಂದ ಹಣ ಹೋಗಿ, ಪಡೆಯುವವನ ಖಾತೆಗೆ ಬಾರದೆ ನಡುದಾರಿಯಲ್ಲಿ ನಿಲ್ಲುವುದುಂಟು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಇದಕ್ಕೊಂದು ಕಟ್ಟಳೆ ಮಾಡಿತು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಹೀಗೆ ನಿಂತರೆ ಮರುದಿನದೊಳಗೆ, ವ್ಯಾಪಾರಿಗೆ ಕಳಿಸಿದ್ದಾದರೆ 5 ದಿನಗಳೊಳಗೆ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ ಸಲ್ಲಬೇಕು. ಸಮಾಜ ಇಲ್ಲಿ ಕಾಯುವುದನ್ನು ಇಲ್ಲದಂತೆ ಮಾಡಲಿಲ್ಲ. ಅದಕ್ಕೆ ಒಂದು ಗಡುವನ್ನೂ, ಗಡುವು ಮೀರಿದರೆ ಯಾರು ತೆರಬೇಕೆಂಬುದನ್ನೂ ಗೊತ್ತುಮಾಡಿತು. ತರಕಾರಿ ಅಂಗಡಿಯವರೂ ತಮ್ಮದೇ ಒಂದು ನ್ಯಾಯ ಕಂಡುಕೊಂಡಿದ್ದಾರೆ. ಗಿರಾಕಿ ಹಿಡಿದು ತೋರಿಸುವ ಫೋನಿನ ಹಸಿರು ಗುರುತನ್ನು ಅವರು ನೆಚ್ಚುವುದಿಲ್ಲ. ಹಣ ಬಂತೆಂದು ತಮ್ಮ ಪೆಟ್ಟಿಗೆ ಕೂಗಿ ಹೇಳಿದ ಮೇಲೆ ತಲೆಯಾಡಿಸುತ್ತಾರೆ. ಗಿರಾಕಿಗೆ ಇದರಿಂದ ಅವಮಾನವೇನೂ ಇಲ್ಲ. ಕೊಟ್ಟವನ ಮಾತಿಗಿಂತ ಪಡೆದವನ ಮಾತು ಸಂಗತಿಗೆ ಹತ್ತಿರ ಎಂಬ ಸರಳ ವಿವೇಕ ಅದು.

ಒಂದು ಆಕ್ಷೇಪವನ್ನು ಎತ್ತಬಹುದು. ಬಾಳಿನಲ್ಲಿ ಮುಂಗಡ ನಂಬಿಕೆಯಿಲ್ಲದೆ ಯಾವುದು ನಡೆದೀತು? ಮದುವೆಯ ಮಾತುಕತೆ, ಸಾಲ, ಸ್ನೇಹ ಎಲ್ಲವೂ ನೆರವೇರದ ವಚನದ ಮೇಲೆಯೇ ನಿಂತಿವೆ. ನಿಜ. ಆದರೆ ವಚನ ಕೊಟ್ಟವನನ್ನು ನಾವು ನಂಬುವುದು, ಅದಿನ್ನೂ ವಚನ ಎಂದು ತಿಳಿದೇ. ಆ ತಿಳಿವಿನಿಂದಲೇ ನಮ್ಮ ನಂಬಿಕೆಗೆ ಬೆಲೆ. ವಚನವನ್ನೇ ನೆರವೇರಿದ ಕಾರ್ಯವೆಂದು ಕೈಗಿಟ್ಟವನು ನಂಬುವ ಅವಕಾಶವನ್ನೇ ನಮ್ಮಿಂದ ಕಸಿದುಕೊಳ್ಳುತ್ತಾನೆ. ಸಂಶಯಪಡಲು, ವಿಚಾರಿಸಲು, ಬೇರೆ ದಾರಿ ಹುಡುಕಲು ನಮಗಿದ್ದ ಹೊತ್ತೂ ಅದರೊಂದಿಗೆ ಹೋಗುತ್ತದೆ. ತ್ರೀ ಮೈಲ್ ಐಲೆಂಡಿನವರು ಕಳೆದುಕೊಂಡದ್ದು ಆ ಎರಡು ಗಂಟೆಗಳನ್ನು.

ಇಂದು ಬೆಂಗಳೂರಿನಲ್ಲಿ ಇಂಥ ಆಪ್‌ಗಳನ್ನು ಬರೆಯುವ ತರುಣರು ಬಹು ಮಂದಿ ಇದ್ದಾರೆ. ಈ ಸಾಲುಗಳನ್ನು ಓದುವವರ ಮನೆಯಲ್ಲಿಯೇ ಒಬ್ಬರು ಇರಬಹುದು. ಕಾಯಿಸುವ ತೆರೆ ಗಿರಾಕಿಗೆ ಹಿಡಿಸುವುದಿಲ್ಲವೆಂದು ಮೇಲಿನವರು ಅವರಿಗೆ ಹೇಳುತ್ತಿರಬಹುದು. ಹಸಿರು ಗುರುತನ್ನು ಅರ್ಧ ಸೆಕೆಂಡು ಮುಂಚೆ ತೋರಿಸುವುದೋ ಬೇಡವೋ ಎಂಬ ಪ್ರಶ್ನೆ ಅವರ ಮೇಜಿಗೆ ಬಂದಾಗ, ಅದರ ತುದಿಯಲ್ಲಿ ಕುಳಿತಿರುವವನು ಯಾರು, ಅವನು ಅದನ್ನು ನಂಬಿ ಏನು ಮಾಡಲಿದ್ದಾನೆ ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಉತ್ತರ ಬಹುಮಟ್ಟಿಗೆ ಅಲ್ಲಿಯೇ ದೊರೆಯುತ್ತದೆ.